ಇಟಿಸಿಎಂ ಆಸ್ಪತ್ರೆಯ ಎಲೆನ್ ಯಾರ ಮಗಳು? ಅಮೆರಿಕದ ಹಳೇ ಕಾಲದ ಹೆಂಗಸಿನ ಮನೆತನ ಹುಡುಕುವ ದಾರಿ

ಕೋಲಾರದಲ್ಲಿ ಇಟಿಸಿಎಂ ಆಸ್ಪತ್ರೆ ಗೊತ್ತಿಲ್ಲದವರು ಕಡಿಮೆ. ಆದರೆ ಆ ನಾಲ್ಕು ಅಕ್ಷರ ಬಿಡಿಸಿ ಹೇಳಿ ಅಂದರೆ ತುಂಬಾ ಜನ ತಡವರಿಸುತ್ತಾರೆ. ಎಲೆನ್ ಥೋಬರ್ನ್ ಕೋವೆನ್ ಮೆಮೋರಿಯಲ್. ಎಲೆನ್ 19ನೇ ಶತಮಾನದ ಅಮೆರಿಕದ ಹೆಂಗಸು, ಓಹಾಯೊ ರಾಜ್ಯದವರು. ಥೋಬರ್ನ್ ತೌರಿನ ಹೆಸರು, ಕೋವೆನ್ ಗಂಡನ ಮನೆಯದು. ಎರಡೂ ಒಂದೇ ಬೋರ್ಡಿನಲ್ಲಿ ಸಿಕ್ಕಿರೋದು ನಮ್ಮ ಅದೃಷ್ಟ ಅಂತಲೇ ಹೇಳಬೇಕು, ಯಾಕೆಂದರೆ ಆ ಕಾಲದ ಅಮೆರಿಕದ ದಾಖಲೆಗಳಲ್ಲಿ ಮದುವೆಯಾದ ಮೇಲೆ ತೌರಿನ ಹೆಸರು ಮಾಯ, ಎಷ್ಟೋ ಸಲ ಆಕೆಯ ಸ್ವಂತ ಹೆಸರೂ ಮಾಯ. ಪೇಪರಿನಲ್ಲಿ ಬರೋದು 'ಮಿಸೆಸ್ ಬಿ. ಆರ್. ಕೋವೆನ್' ಅಂತ ಅಷ್ಟೇ. ಬಿ. ಆರ್. ಅನ್ನೋದು ಗಂಡನ ಇನಿಷಿಯಲ್.

ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಹೆಂಗಸನ್ನು ನೇರವಾಗಿ ಹುಡುಕಲು ಹೋಗಬೇಡಿ. ಆಕೆಯ ಸುತ್ತ ಇದ್ದವರನ್ನು ಹುಡುಕಿ. ಅಪ್ಪ, ಅಣ್ಣ ತಮ್ಮಂದಿರು, ಗಂಡ, ಮಕ್ಕಳು, ಕೊನೆಗೆ ಪಕ್ಕದ ಮನೆಯವರು. ಅವರ ಕಾಗದಪತ್ರದ ನಡುವೆ ಆಕೆ ಎಲ್ಲಾದರೂ ಸಿಕ್ಕೇ ಸಿಗುತ್ತಾರೆ. ನಾನು ಉದಾಹರಣೆಗೆ ಎಲೆನ್ ಅವರನ್ನೇ ಇಟ್ಟುಕೊಂಡಿದ್ದೇನೆ, ನಿಮ್ಮ ಕೈಯಲ್ಲಿರುವ ಹೆಸರು ಬೇರೆ ಇದ್ದರೂ ದಾರಿ ಇದೇ.

ಹುಡುಕೋಕೆ ಕೂರುವ ಮುಂಚೆ ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ: ಆಕೆ ನಿಜವಾಗಿ ಅಮೆರಿಕದವರೇನಾ? ನಮ್ಮ ಕಡೆ ಬಿಳಿಯರೆಲ್ಲ 'ಇಂಗ್ಲಿಷ್‌ನವರು', ಮಿಷನ್‌ನವರೆಲ್ಲ ಒಂದೇ ಅಂತ ಮಾತಾಡೋದು ರೂಢಿ. ಹಾಗಿಲ್ಲ. ಕೋಲಾರದಲ್ಲಿ ಇದ್ದದ್ದು ಅಮೆರಿಕದ ಮೆಥೋಡಿಸ್ಟ್ ಎಪಿಸ್ಕೋಪಲ್ ಮಿಷನ್. ತುಮಕೂರಿನದು ಇಂಗ್ಲೆಂಡಿನ ವೆಸ್ಲಿಯನ್ ಮಿಷನ್. ಚಿಕ್ಕಬಳ್ಳಾಪುರದ್ದು ಲಂಡನ್ ಮಿಷನ್. ಕೆಜಿಎಫ್‌ನ ಹಳೇ ಸಮಾಧಿಗಳಲ್ಲಿ ಹೆಚ್ಚಿನವು ಗಣಿ ಕೆಲಸಕ್ಕೆ ಬಂದ ಬ್ರಿಟಿಷರದು. ಕೋಲಾರದಲ್ಲೇ ನೋಡಿ, ಅಮೆರಿಕದವರು ಬರುವ ಮುಂಚೆ ಬರಗಾಲದ ಕಾಲದಲ್ಲಿ ಅನಾಥಾಲಯ ನಡೆಸಿದ ಮಿಸ್ ಆನ್‌ಸ್ಟೀ ಇಂಗ್ಲೆಂಡಿನವರು. ಅವರನ್ನು ಅಮೆರಿಕದ ಜನಗಣತಿಯಲ್ಲಿ ವರ್ಷಗಟ್ಟಲೆ ಹುಡುಕಿದರೂ ಸಿಗಲ್ಲ. ವೆಸ್ಲಿಯನ್ ಮಿಷನ್ ಮತ್ತು ಲಂಡನ್ ಮಿಷನ್‌ನ ಹಳೇ ಕಾಗದಗಳು ಲಂಡನ್ನಿನ ಸೋಆಸ್ ಅನ್ನೋ ವಿದ್ಯಾಸಂಸ್ಥೆಯ ಲೈಬ್ರರಿಯಲ್ಲಿವೆ. ಅಮೆರಿಕದ ಮೆಥೋಡಿಸ್ಟರ ಕಾಗದಗಳು ನ್ಯೂಜೆರ್ಸಿಯ ಮ್ಯಾಡಿಸನ್ ಊರಿನಲ್ಲಿ, ಡ್ರೂ ವಿಶ್ವವಿದ್ಯಾಲಯದ ಆವರಣದಲ್ಲಿವೆ. ಮಿಷನ್ ಯಾವುದು ಅಂತ ತಿಳಿದರೆ ಅರ್ಧ ದಾರಿ ಸವೆದಂತೆ.

ಈಗ ಕಂಪ್ಯೂಟರ್ ಮುಂದೆ ಕೂರೋಣ. ಮನೆತನದ ಹಳೇ ದಾಖಲೆ ಹುಡುಕೋಕೆ ಫ್ಯಾಮಿಲಿಸರ್ಚ್ ಅನ್ನೋ ತಾಣ ಇದೆ. ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯ ಒಂದು ಚರ್ಚಿನವರು ನಡೆಸೋದು, ಪೂರ್ತಿ ಉಚಿತ. ಒಂದು ಖಾತೆ ತೆರೆಯಿರಿ. ಆನ್ಸೆಸ್ಟ್ರಿ ಅನ್ನೋ ಇಂಥದ್ದೇ ಇನ್ನೊಂದು ತಾಣ ದುಡ್ಡಿನದು, ಅದಕ್ಕೆ ಮೊದಲ ದಿನವೇ ಡಾಲರ್ ಸುರಿಯಬೇಡಿ. ಉಚಿತವಾಗಿ ಸಿಗೋದೆಲ್ಲ ಮುಗಿದ ಮೇಲೆ, ಇಂಥದ್ದೇ ದಾಖಲೆ ಬೇಕು ಅಂತ ಗೊತ್ತಾದ ಮೇಲೆ, ಬೇಕಿದ್ದರೆ ಒಂದು ತಿಂಗಳಿಗೆ ತಗೊಳ್ಳಿ. ಮೊಬೈಲಿನಲ್ಲೂ ಎಲ್ಲ ತೆರೆದುಕೊಳ್ಳುತ್ತೆ. ಆದರೆ ಕೈಬರಹದ ಹಳೇ ಪುಟ ಓದೋಕೆ ದೊಡ್ಡ ಪರದೆ ಇದ್ದರೆ ಕಣ್ಣಿಗೆ ಒಳ್ಳೇದು.

ಮೊದಲು ಜನಗಣತಿ. ಅಮೆರಿಕದಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ನಡೆದಿದೆ, ಮತ್ತು ನಮ್ಮಲ್ಲಿ ಹೆಸರಿರುವ ಪಟ್ಟಿ ಯಾರಿಗೂ ಸಿಗಲ್ಲ ಅಲ್ವಾ, ಅಲ್ಲಿ ಹಾಗಲ್ಲ, 72 ವರ್ಷ ಆದ ಮೇಲೆ ಮನೆಮನೆಯ ಹೆಸರೂ ಬಯಲು. ಆದರೆ ಎಲ್ಲ ಗಣತಿಯೂ ಒಂದೇ ಥರ ಇಲ್ಲ. 1840ರವರೆಗೆ ಮನೆಯ ಯಜಮಾನನ ಹೆಸರು ಮಾತ್ರ, ಉಳಿದವರೆಲ್ಲ ವಯಸ್ಸಿನ ಗುಂಪಿನಲ್ಲಿ ಒಂದು ಅಂಕಿ. ಇಷ್ಟರಿಂದ ಇಷ್ಟು ವಯಸ್ಸಿನ ಹೆಣ್ಣು, ಇಬ್ಬರು. ಮುಗೀತು. ಆ ಇಬ್ಬರಲ್ಲಿ ಒಬ್ಬಳು ನಿಮ್ಮವಳಿರಬಹುದು, ಇಲ್ಲದೆಯೂ ಇರಬಹುದು. 1850ರಲ್ಲಿ ಮೊದಲ ಸಲ ಗುಲಾಮರಲ್ಲದ ಎಲ್ಲರ ಹೆಸರೂ ಬರೆದರು, ಆದರೆ ಯಾರು ಯಾರಿಗೆ ಏನಾಗಬೇಕು ಅಂತ ಬರೆಯಲಿಲ್ಲ. ಸಂಬಂಧದ ಕಲಂ ಬಂದದ್ದು 1880ರಲ್ಲಿ. ಅಪ್ಪ ಅಮ್ಮ ಎಲ್ಲಿ ಹುಟ್ಟಿದರು ಅನ್ನೋದೂ ಆಗಲೇ ಸೇರಿತು. 1900ರ ಗಣತಿ ಹೆಂಗಸರ ವಿಷಯಕ್ಕೆ ಚಿನ್ನ: ಹುಟ್ಟಿದ ತಿಂಗಳು ಮತ್ತು ವರ್ಷ, ಮದುವೆಯಾಗಿ ಎಷ್ಟು ವರ್ಷ, ಎಷ್ಟು ಮಕ್ಕಳನ್ನು ಹೆತ್ತರು, ಅದರಲ್ಲಿ ಎಷ್ಟು ಬದುಕಿದ್ದಾರೆ. ಆ ಕೊನೆಯ ಎರಡು ಅಂಕಿಗಳ ನಡುವಿನ ವ್ಯತ್ಯಾಸ ನೋಡಿದರೆ ಹೊಟ್ಟೆ ಚುರ್ ಅನ್ನುತ್ತೆ. ಆದರೆ ಹುಡುಕುವವರಿಗೆ ಅದೇ ಸುಳಿವು. ಐದು ಹೆತ್ತವರಿಗೆ ಮೂರೇ ಮಕ್ಕಳು ಉಳಿದಿದ್ದರೆ ಇನ್ನೆರಡು ಹೆಸರು ಎಲ್ಲೋ ಒಂದು ಸಮಾಧಿ ಪಟ್ಟಿಯಲ್ಲಿರುತ್ತೆ.

1890ರದ್ದು ಸಿಗಲ್ಲ. 1921ರ ಜನವರಿಯಲ್ಲಿ ವಾಷಿಂಗ್ಟನ್‌ನ ಸರ್ಕಾರಿ ಕಟ್ಟಡವೊಂದರ ನೆಲಮಾಳಿಗೆಗೆ ಬೆಂಕಿ ಬಿದ್ದು, ಬೆಂಕಿಗೂ ಬೆಂಕಿ ಆರಿಸಿದ ನೀರಿಗೂ ಸಿಕ್ಕಿ ಬಹುಪಾಲು ಹಾಳಾಯಿತು. 1880ಕ್ಕೂ 1900ಕ್ಕೂ ನಡುವೆ ಇಪ್ಪತ್ತು ವರ್ಷದ ಕಂದಕ. ಹುಡುಗಿಯೊಬ್ಬಳು 1880ರಲ್ಲಿ ಅಪ್ಪನ ಮನೆಯಲ್ಲಿ ಎಂಟು ವರ್ಷದವಳಾಗಿ ಸಿಕ್ಕರೆ 1900ರ ಹೊತ್ತಿಗೆ ಬೇರೆ ಹೆಸರಿನಲ್ಲಿ ಬೇರೆ ರಾಜ್ಯದಲ್ಲಿ ಇರುತ್ತಾಳೆ. ಇಲ್ಲಿ ಮದುವೆ ದಾಖಲೆಯೇ ಗತಿ.

ಎಲೆನ್ ವಿಷಯದಲ್ಲಿ ಈ ಕಂದಕ ಕಾಡಲ್ಲ. ಅವರ ಮದುವೆ 1850ರ ದಶಕದ್ದು. ಹಾಗಾಗಿ 1850ರ ಗಣತಿಯಲ್ಲಿ ಥೋಬರ್ನ್ ಅಂತಲೂ, 1860ರಲ್ಲಿ ಕೋವೆನ್ ಅಂತಲೂ ಹುಡುಕಬೇಕು. ಜಾಗ ಓಹಾಯೊದ ಬೆಲ್ಮಾಂಟ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ), ಸೇಂಟ್ ಕ್ಲೇರ್ಸ್‌ವಿಲ್ ಊರಿನ ಸುತ್ತಮುತ್ತ. ಕಾಗುಣಿತಕ್ಕೆ ಮಾತ್ರ ಅಂಟಿಕೊಳ್ಳಬೇಡಿ. ಗಣತಿಯವನು ಬಾಗಿಲಲ್ಲಿ ನಿಂತು ಕಿವಿಗೆ ಬಿದ್ದಂತೆ ಬರೆದುಕೊಂಡು ಹೋದದ್ದು ಅದು. ಉತ್ತರ ಕೊಟ್ಟದ್ದು ಮನೆಯವರೋ ಪಕ್ಕದವರೋ ಯಾರಿಗೆ ಗೊತ್ತು. ಥೋಬರ್ನ್ ಥಾರ್ಬರ್ನ್ ಆಗಿರಬಹುದು, ಕೋವೆನ್ ಕೋವನ್ ಆಗಿರಬಹುದು. ಎಲೆನ್ ಹೆಲೆನ್ ಆಗಿರಬಹುದು, ನೆಲಿ ಆಗಿರಬಹುದು. ಅಮೆರಿಕದ ಮುದ್ದಿನ ಹೆಸರುಗಳು ನಮಗೆ ತಲೆ ಕೆಡಿಸುತ್ತವೆ: ಮೇರಿಗೆ ಪಾಲಿ, ಮಾರ್ಗರೆಟ್‌ಗೆ ಪೆಗಿ, ಮಾರ್ಥಾಗೆ ಪ್ಯಾಟ್ಸಿ, ಸಾರಾಗೆ ಸ್ಯಾಲಿ. ಫ್ಯಾಮಿಲಿಸರ್ಚ್‌ನಲ್ಲಿ ಅನುಮಾನ ಇರುವ ಅಕ್ಷರದ ಜಾಗದಲ್ಲಿ ನಕ್ಷತ್ರದ ಗುರುತು ಹಾಕಿದರೆ ಎಲ್ಲ ರೂಪಗಳೂ ಬರುತ್ತವೆ. ವಯಸ್ಸಿನಲ್ಲಿ ಎರಡು ಮೂರು ವರ್ಷ ಆಚೀಚೆ ಇದ್ದರೆ ಬೇರೆಯವರು ಅಂತ ಬಿಟ್ಟುಬಿಡಬೇಡಿ. ಹತ್ತು ವರ್ಷದಲ್ಲಿ ಏಳೇ ವರ್ಷ ದೊಡ್ಡವರಾದ ಹೆಂಗಸರು ಆ ಗಣತಿಯಲ್ಲಿ ಬೇಕಾದಷ್ಟು ಸಿಗುತ್ತಾರೆ!

ಇನ್ನು ಸುತ್ತ ಇದ್ದವರು. ಎಲೆನ್ ಅವರ ತೌರಿನ ಕಡೆ ಹೆಸರಾದವರು ಮೂವರಿದ್ದಾರೆ. ತಂಗಿ ಇಸಬೆಲ್ಲಾ ಥೋಬರ್ನ್, 1840ರಲ್ಲಿ ಸೇಂಟ್ ಕ್ಲೇರ್ಸ್‌ವಿಲ್ ಹತ್ತಿರ ಹುಟ್ಟಿದವರು, 1870ರಲ್ಲಿ ಭಾರತಕ್ಕೆ ಬಂದು ಲಖನೌದಲ್ಲಿ ಹೆಣ್ಣುಮಕ್ಕಳ ಶಾಲೆ ಕಟ್ಟಿದರು, 1901ರಲ್ಲಿ ಅಲ್ಲೇ ಕಾಲರಾದಿಂದ ತೀರಿಕೊಂಡರು. ಇವತ್ತಿನ ಇಸಬೆಲ್ಲಾ ಥೋಬರ್ನ್ ಕಾಲೇಜು ಅವರದೇ. ತಮ್ಮ ಜೇಮ್ಸ್ ಮಿಲ್ಸ್ ಥೋಬರ್ನ್, 1836ರಲ್ಲಿ ಹುಟ್ಟಿದವರು, ಮುಂದೆ ಭಾರತದ ಮೆಥೋಡಿಸ್ಟ್ ಬಿಷಪ್ ಆದರು. ಅಣ್ಣ ಜೋಸೆಫ್ ಡಾಕ್ಟರ್, ಅಮೆರಿಕದ ಅಂತರ್ಯುದ್ಧದಲ್ಲಿ ಕರ್ನಲ್ ಆಗಿದ್ದು 1864ರ ಅಕ್ಟೋಬರ್ 19ರಂದು ಸೀಡರ್ ಕ್ರೀಕ್ ಕದನದಲ್ಲಿ ಸತ್ತರು. ಎಲೆನ್ ಬಗ್ಗೆ ಯಾರೂ ದೊಡ್ಡ ಜೀವನಚರಿತ್ರೆ ಬರೆಯದಿದ್ದರೇನು, ಇಸಬೆಲ್ಲಾ ಬಗ್ಗೆ ಬರೆದಿದ್ದಾರಲ್ಲ. ತಂಗಿಯ ಅಪ್ಪ ಅಮ್ಮನೇ ಅಕ್ಕನ ಅಪ್ಪ ಅಮ್ಮ: ಮ್ಯಾಥ್ಯೂ ಥೋಬರ್ನ್ ಮತ್ತು ಜೇನ್ ಲೈಲ್ ಕ್ರಾಫರ್ಡ್, ಇಬ್ಬರೂ ಐರ್ಲೆಂಡಿನ ಬೆಲ್‌ಫಾಸ್ಟ್ ಕಡೆಯಿಂದ ವಲಸೆ ಬಂದವರು. ನೋಡಿ, ಎಲೆನ್ ಹೆಸರಿನ ಒಂದು ದಾಖಲೆಯನ್ನೂ ಮುಟ್ಟದೆ ಎಲೆನ್ ಅವರ ತಾಯಿಯ ತೌರಿನ ಹೆಸರು ಕೈಗೆ ಬಂತು.

ಗಂಡನ ಕಡೆಯೂ ಹಾಗೇ. ಬೆಂಜಮಿನ್ ರಶ್ ಕೋವೆನ್ 1870ರ ದಶಕದಲ್ಲಿ ಅಮೆರಿಕದ ಆಂತರಿಕ ಖಾತೆಯ ಸಹಾಯಕ ಕಾರ್ಯದರ್ಶಿ ಆಗಿದ್ದವರು. ಅವರ ಅಪ್ಪ ಬೆಂಜಮಿನ್ ಸ್ಪ್ರೇಗ್ ಕೋವೆನ್ ಸಂಸತ್ತಿನ ಸದಸ್ಯರು. ಇಂಥ ಗಂಡಸರ ಬಗ್ಗೆ ಆ ಕಾಲದ ಕೌಂಟಿ ಇತಿಹಾಸದ ದಪ್ಪ ಪುಸ್ತಕಗಳಲ್ಲಿ ಪುಟಗಟ್ಟಲೆ ಇರುತ್ತೆ. ಕೊನೆಗೆ ಒಂದು ಸಾಲು, 'ಇಂಥವರ ಮಗಳು ಇಂಥವಳನ್ನು ಮದುವೆಯಾದರು' ಅಂತ. ಆ ಒಂದು ಸಾಲಿಗಾಗಿ ಪೂರ್ತಿ ಓದಬೇಕು. ಇಂಟರ್ನೆಟ್ ಆರ್ಕೈವ್, ಗೂಗಲ್ ಬುಕ್ಸ್, ಹಾತಿಟ್ರಸ್ಟ್ ತಾಣಗಳಲ್ಲಿ ಈ ಪುಸ್ತಕಗಳು ಉಚಿತ. ಒಂದು ಎಚ್ಚರಿಕೆ, ಈ ಪುಸ್ತಕಗಳಿಗೆ ಎಷ್ಟೋ ಸಲ ಮನೆಯವರೇ ವಿವರ ಕೊಡುತ್ತಿದ್ದರು. ತಮ್ಮ ಮನೆತನದ ಬಗ್ಗೆ ಯಾರು ತಾನೇ ಕೆಟ್ಟದ್ದು ಹೇಳುತ್ತಾರೆ!

ಗಂಡನ ಹೆಸರಿನಲ್ಲಿ ಹೆಂಗಸನ್ನು ಹುಡುಕಬೇಕಾದ ಇನ್ನೊಂದು ಜಾಗ ಹಳೇ ಪತ್ರಿಕೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನವರ ಕ್ರಾನಿಕ್ಲಿಂಗ್ ಅಮೆರಿಕ ಅನ್ನೋ ಸಂಗ್ರಹದಲ್ಲಿ ಲಕ್ಷಗಟ್ಟಲೆ ಪುಟ ಉಚಿತವಾಗಿ ಇವೆ. ಬೆಲ್ಮಾಂಟ್ ಕ್ರಾನಿಕಲ್ ಅನ್ನೋ ಸೇಂಟ್ ಕ್ಲೇರ್ಸ್‌ವಿಲ್ ಪತ್ರಿಕೆಯೂ ಅದರಲ್ಲಿದೆ. ಮಜಾ ಏನೆಂದರೆ ಬಿ. ಆರ್. ಕೋವೆನ್ ಒಂದು ಕಾಲಕ್ಕೆ ಆ ಪತ್ರಿಕೆಯ ಸಂಪಾದಕರೇ ಆಗಿದ್ದರು. ಹುಡುಕುವಾಗ ಇಂಗ್ಲಿಷ್‌ನಲ್ಲಿ 'ಮಿಸೆಸ್ ಬಿ. ಆರ್. ಕೋವೆನ್' ಅಂತ ಹಾಕಿ, ಆಮೇಲೆ 'ಮಿಸೆಸ್ ಕೋವೆನ್', ಆಮೇಲೆ 'ಮಿಸ್ ಥೋಬರ್ನ್'. ಕಂಪ್ಯೂಟರ್ ಹಳೇ ಅಚ್ಚನ್ನು ತಪ್ಪಾಗಿ ಓದಿರುತ್ತೆ, ಹಾಗಾಗಿ ಸಿಗದಿದ್ದರೆ ಮದುವೆಯ ವರ್ಷದ ಸಂಚಿಕೆಗಳನ್ನು ಕೈಯಾರೆ ಮಗುಚಿ ನೋಡಿ. ಸಾವಿನ ಸುದ್ದಿ ಸಿಕ್ಕರೆ ಬಿಡಬೇಡಿ, ಅದರಲ್ಲಿ ಬದುಕಿರುವ ಅಕ್ಕ ತಂಗಿಯರ ಹೆಸರು ಇರುತ್ತೆ, ಅದೂ ಅವರವರ ಗಂಡಂದಿರ ಹೆಸರಿನಲ್ಲಿ.

ಮದುವೆ, ಉಯಿಲು, ಜಮೀನು ಇವೆಲ್ಲ ಕೌಂಟಿಯ ಕೋರ್ಟಿನಲ್ಲಿ. ಓಹಾಯೊದಲ್ಲಿ ಮದುವೆ ದಾಖಲೆ ಕೌಂಟಿ ಹುಟ್ಟಿದ ಕಾಲದಿಂದಲೇ ಸಿಗುತ್ತೆ, ಆದರೆ 1850ರ ದಶಕದ್ದರಲ್ಲಿ ಸಾಮಾನ್ಯವಾಗಿ ಹುಡುಗ ಹುಡುಗಿಯ ಹೆಸರು, ತಾರೀಕು, ಪಾದ್ರಿಯ ಹೆಸರು, ಅಷ್ಟೇ. ಅಪ್ಪ ಅಮ್ಮನ ಹೆಸರು ನಿರೀಕ್ಷಿಸಬೇಡಿ. ಜನನ ಮರಣ ನೋಂದಣಿ ಅಲ್ಲಿ ಶುರುವಾದದ್ದೇ 1867ರಲ್ಲಿ, ಅದೂ ಕೌಂಟಿ ಮಟ್ಟದಲ್ಲಿ. ಇಡೀ ರಾಜ್ಯಕ್ಕೆ ಒಂದೇ ಪದ್ಧತಿ ಬಂದದ್ದು 1908ರ ಕೊನೆಗೆ. ಅಂದರೆ ಎಲೆನ್ ಥರದವರ ಜನನ ಪತ್ರ ಇರೋದೇ ಇಲ್ಲ. ಮ್ಯಾಸಚೂಸೆಟ್ಸ್‌ನಲ್ಲಾದರೆ 1841ರಿಂದಲೇ ಇದೆ. ರಾಜ್ಯದಿಂದ ರಾಜ್ಯಕ್ಕೆ ಹೀಗೆ ವ್ಯತ್ಯಾಸ.

ಉಯಿಲಿನಲ್ಲಿ ಅಪ್ಪ 'ನನ್ನ ಮಗಳು ಇಂಥವಳು, ಇಂಥವನ ಹೆಂಡತಿ' ಅಂತ ಬರೆಸಿದ್ದರೆ ಅದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ಉಯಿಲು ಇಲ್ಲದಿದ್ದರೆ ಜಮೀನಿನ ಕ್ರಯಪತ್ರ ನೋಡಿ. ಅಲ್ಲಿ ಗಂಡ ಜಮೀನು ಮಾರುವಾಗ ಹೆಂಡತಿಯೂ ಸಹಿ ಹಾಕಬೇಕಿತ್ತು, ಯಾಕೆಂದರೆ ಗಂಡ ಸತ್ತರೆ ಆಸ್ತಿಯ ಮೂರನೇ ಒಂದು ಪಾಲನ್ನು ಬದುಕಿರುವವರೆಗೆ ಅನುಭವಿಸುವ ಹಕ್ಕು ಆಕೆಗಿತ್ತು. ಎಷ್ಟೋ ರಾಜ್ಯಗಳಲ್ಲಿ ಅಧಿಕಾರಿ ಗಂಡನನ್ನು ಆಚೆ ಕಳಿಸಿ, 'ನಿನ್ನ ಒಪ್ಪಿಗೆಯಿಂದಲೇ ಬಿಡ್ತಿದೀಯಾ' ಅಂತ ಆಕೆಯನ್ನು ಒಂಟಿಯಾಗಿ ಕೇಳಿ ಬರೆದುಕೊಳ್ಳುತ್ತಿದ್ದ. ಇನ್ನೂ ಒಳ್ಳೇದು ಅಂದರೆ ಅಪ್ಪ ಸತ್ತ ಮೇಲೆ ಮಕ್ಕಳೆಲ್ಲ ಸೇರಿ ಜಮೀನು ಮಾರಿದ ಪತ್ರ. ಹಕ್ಕು ಖುಲಾಸೆಗೆ ಅಕ್ಕ ತಂಗಿಯರನ್ನೆಲ್ಲ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆಸಿದ್ದು ನಿಮಗೆ ಗೊತ್ತಿದ್ದರೆ ಇದರ ಬೆಲೆ ಗೊತ್ತಾಗುತ್ತೆ. ಹೆಣ್ಣುಮಕ್ಕಳು, ಅಳಿಯಂದಿರು, ಅವರಿರುವ ಊರು ಎಲ್ಲ ಒಂದೇ ಹಾಳೆಯಲ್ಲಿ.

ಊರಿನ ಗಡಿಯ ಕಥೆ ನಮ್ಮವರಿಗೆ ಬೇಗ ಅರ್ಥ ಆಗುತ್ತೆ. ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದು 2007ರಲ್ಲಿ, ಅದಕ್ಕಿಂತ ಹಿಂದಿನ ಜಿಲ್ಲಾ ಕಾಗದ ಬೇಕಿದ್ದರೆ ಕೋಲಾರದ ಹೆಸರಿನಲ್ಲೇ ಹುಡುಕಬೇಕು ಅಲ್ವಾ? ಜೋಸೆಫ್ ಥೋಬರ್ನ್ ವೈದ್ಯರಾಗಿದ್ದ ವೀಲಿಂಗ್ ಊರಿಗೂ ಹಾಗೇ. ಈಗ ಅದು ವೆಸ್ಟ್ ವರ್ಜೀನಿಯಾ. ಆ ರಾಜ್ಯ ಹುಟ್ಟಿದ್ದೇ 1863ರ ಜೂನ್ 20ರಂದು, ಅದಕ್ಕೆ ಮುಂಚೆ ಎಲ್ಲ ವರ್ಜೀನಿಯಾ. ಬೆಲ್ಮಾಂಟ್ ಕೌಂಟಿಗೂ ವೀಲಿಂಗ್‌ಗೂ ನಡುವೆ ಇರೋದು ಒಂದು ಓಹಾಯೊ ನದಿ. ಹೊಳೆ ದಾಟಿದರೆ ರಾಜ್ಯವೇ ಬೇರೆ. ಒಂದು ದಡದಲ್ಲಿ ಮದುವೆ ಸಿಗದಿದ್ದರೆ ಇನ್ನೊಂದು ದಡದಲ್ಲಿ ನೋಡಿ.

ಯುದ್ಧದಲ್ಲಿ ಗಂಡ ಸತ್ತಿದ್ದರೆ ವಿಧವಾ ಪಿಂಚಣಿಯ ಕಡತ ಇರುತ್ತೆ, ವಾಷಿಂಗ್ಟನ್‌ನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ. ನನ್ನನ್ನು ಕೇಳಿದರೆ 19ನೇ ಶತಮಾನದ ಅಮೆರಿಕದ ಹೆಂಗಸಿನ ಬಗ್ಗೆ ಇದಕ್ಕಿಂತ ಶ್ರೀಮಂತ ದಾಖಲೆ ಇಲ್ಲ. ಪಿಂಚಣಿ ಬೇಕು ಅಂದರೆ ಮದುವೆ ಆದದ್ದನ್ನು ಆಕೆ ಸಾಬೀತು ಮಾಡಬೇಕು, ಮಕ್ಕಳ ಹುಟ್ಟಿದ ದಿನ ಹೇಳಬೇಕು, ಮತ್ತೆ ಮದುವೆಯಾಗಿಲ್ಲ ಅಂತ ಹೇಳಬೇಕು. ಮದುವೆಗೆ ಬಂದಿದ್ದವರು, ಹೆರಿಗೆ ಮಾಡಿಸಿದವರು, ನೆರೆಮನೆಯವರು ಎಲ್ಲ ಸಾಕ್ಷಿ ಬರೆದುಕೊಟ್ಟಿರುತ್ತಾರೆ. ಬೈಬಲ್ಲಿನಿಂದ ಹರಿದ ಹಾಳೆಯೇ ಕಡತದಲ್ಲಿ ಸೇರಿರೋದೂ ಉಂಟು, ಯಾಕೆಂದರೆ ಮನೆಯವರ ಹುಟ್ಟು ಸಾವನ್ನು ಅವರು ಬರೆದಿಡುತ್ತಿದ್ದದ್ದು ಮನೆಯ ಬೈಬಲ್ಲಿನ ನಡುಪುಟಗಳಲ್ಲಿ. ಸರ್ಕಾರಿ ಕಚೇರಿಯಲ್ಲಿ ಅಲೆದಾಡಿದ ಆ ಹೆಂಗಸರ ಕಷ್ಟದಿಂದ ಇವತ್ತು ನಮಗೆ ಲಾಭ.

ಗುಲಾಮರಾಗಿದ್ದ ಕಪ್ಪು ಜನರ ಹೆಣ್ಣುಮಕ್ಕಳನ್ನು ಹುಡುಕುವುದಾದರೆ ದಾರಿ ಕಡಿದು. 1850 ಮತ್ತು 1860ರ ಗುಲಾಮರ ಪಟ್ಟಿಯಲ್ಲಿ ಒಡೆಯನ ಹೆಸರು ಇದೆ. ಗುಲಾಮರಿಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ ಇಷ್ಟೇ. ಹೆಸರು ಮೊದಲು ಕಾಣೋದು 1870ರಲ್ಲಿ. ಬಿಡುಗಡೆಯಾದ ಗುಲಾಮರಿಗಾಗಿ ಇದ್ದ ಫ್ರೀಡ್‌ಮೆನ್ಸ್ ಬ್ಯೂರೋ ಅನ್ನೋ ಇಲಾಖೆ 1865ರಿಂದ 1872ರವರೆಗೆ ಇಟ್ಟ ಕಾಗದಗಳಲ್ಲಿ ಮದುವೆ, ಕೂಲಿ ಕರಾರು, ರೇಷನ್ ಪಟ್ಟಿ ಎಲ್ಲ ಇವೆ, ಫ್ಯಾಮಿಲಿಸರ್ಚ್‌ನಲ್ಲೇ ಹುಡುಕಬಹುದು. ಅದಕ್ಕಿಂತ ಹಿಂದೆ ಹೋಗಬೇಕಾದರೆ ಒಡೆಯನ ಉಯಿಲು ಮತ್ತು ಲೆಕ್ಕದ ಪುಸ್ತಕ ಓದಬೇಕು. ಮನುಷ್ಯರನ್ನು ದನಕರು, ಪಾತ್ರೆಪಡಗದ ಜೊತೆ ಬೆಲೆ ಕಟ್ಟಿ ಬರೆದಿರುವ ಪಟ್ಟಿಗಳವು.

ಮಕ್ಕಳ ಕಡೆಯಿಂದ ಬರುವ ಒಂದು ಉಪಾಯ ಇದೆ, ಹೊಸಬರಿಗೆ ಇದು ಹೊಳೆಯಲ್ಲ. ಹುಡುಕುವ ಪೆಟ್ಟಿಗೆಯಲ್ಲಿ ಆಕೆಯ ಹೆಸರನ್ನು ಮುಖ್ಯ ಜಾಗದಲ್ಲಿ ಹಾಕಬೇಡಿ. ಮುಖ್ಯ ಜಾಗ ಖಾಲಿ ಬಿಟ್ಟು, ತಂದೆ ತಾಯಿ ಕೇಳುವ ಕಡೆ ತಾಯಿ ಅಂತ ಆಕೆಯ ತೌರಿನ ಹೆಸರು ಹಾಕಿ. 20ನೇ ಶತಮಾನದ ಮರಣ ಪತ್ರಗಳಲ್ಲಿ ಸತ್ತವರ ತಾಯಿಯ ತೌರಿನ ಹೆಸರು ಕೇಳುತ್ತಿದ್ದರು. ಮಗ ಅಥವಾ ಮಗಳು 1920ರಲ್ಲೋ 1930ರಲ್ಲೋ ಸತ್ತಿದ್ದರೆ ತಾಯಿ ಅಲ್ಲಿ ಸಿಗುತ್ತಾರೆ. ಒಂದು ಮಗುವಿನದು ಸಾಲದು. ಹೇಳಿಕೆ ಕೊಟ್ಟವರು ಸೊಸೆಯೋ ಮೊಮ್ಮಗನೋ ಆಗಿದ್ದರೆ ಅಜ್ಜಿಯ ತೌರಿನ ಹೆಸರು ಅವರಿಗೆ ಸರಿಯಾಗಿ ಗೊತ್ತಿರಲಿಕ್ಕಿಲ್ಲ. ಎಲ್ಲ ಮಕ್ಕಳದೂ ನೋಡಿ ತಾಳೆ ಹಾಕಿ.

ಭಾರತಕ್ಕೆ ಬಂದ ಹೆಂಗಸರಾದರೆ ಪಾಸ್‌ಪೋರ್ಟ್ ಅರ್ಜಿ ಹುಡುಕಿ. ಆಗ ಅದು ಕಡ್ಡಾಯ ಇರಲಿಲ್ಲ, ಎಲ್ಲರದೂ ಇರಲ್ಲ. ಸಿಕ್ಕರೆ ಮಾತ್ರ ಎತ್ತರ, ಹಣೆ, ಮೂಗು, ಗಲ್ಲ ಹೇಗಿದೆ ಅಂತ ಬರೆದಿರುತ್ತೆ. ಫೋಟೊ ಇಲ್ಲದ ಕಾಲದಲ್ಲಿ ಅದೇ ಫೋಟೊ. ಜೊತೆಗೆ ಅಮೆರಿಕದ ಮೆಥೋಡಿಸ್ಟ್ ಹೆಂಗಸರು 1869ರಲ್ಲಿ ಬಾಸ್ಟನ್‌ನಲ್ಲಿ ಕಟ್ಟಿದ ವಿದೇಶಿ ಮಿಷನರಿ ಸಂಘ ಅದೇ ವರ್ಷ ಒಂದು ಮಾಸಪತ್ರಿಕೆ ಶುರು ಮಾಡಿತು, 1896ರಿಂದ ಅದರ ಹೆಸರು ವುಮನ್ಸ್ ಮಿಷನರಿ ಫ್ರೆಂಡ್. ಇಸಬೆಲ್ಲಾ ಮತ್ತು ಡಾಕ್ಟರ್ ಕ್ಲಾರಾ ಸ್ವೇನ್ ಈ ಸಂಘ ಕಳಿಸಿದ ಮೊದಲಿಬ್ಬರು. ಎಲೆನ್ ಅದರ ಸಿನ್ಸಿನಾಟಿ ಶಾಖೆಯ ಕಾರ್ಯದರ್ಶಿ ಆಗಿದ್ದರು. ಹಾಗಾಗಿ ಆ ಪತ್ರಿಕೆಯ ಹಳೇ ಸಂಪುಟಗಳಲ್ಲಿ ಮತ್ತು ಸಂಘದ ವಾರ್ಷಿಕ ವರದಿಗಳಲ್ಲಿ ಅವರನ್ನು ಹುಡುಕಬೇಕು, ಅಲ್ಲೂ 'ಮಿಸೆಸ್ ಬಿ. ಆರ್. ಕೋವೆನ್' ಅಂತಲೇ.

ಐರ್ಲೆಂಡಿಗೆ ದಾಟುವ ಆಸೆ ಆದರೆ ಸ್ವಲ್ಪ ತಾಳ್ಮೆ ಬೇಕು. ಅಲ್ಲಿ ಎಲ್ಲ ಜನನ ಮರಣಗಳ ನೋಂದಣಿ 1864ರಿಂದ. 1821ರಿಂದ 1851ರವರೆಗಿನ ಗಣತಿಯ ಬಹುಭಾಗ 1922ರಲ್ಲಿ ಡಬ್ಲಿನ್‌ನಲ್ಲಿ ನಾಶವಾಯಿತು. ಬೆಲ್‌ಫಾಸ್ಟ್ ಕಡೆಯವರಿಗೆ ಉಳಿದಿರೋದು ಚರ್ಚಿನ ರಿಜಿಸ್ಟರುಗಳು, ಅವುಗಳ ದೊಡ್ಡ ಸಂಗ್ರಹ ಬೆಲ್‌ಫಾಸ್ಟ್‌ನ ಸರ್ಕಾರಿ ದಾಖಲೆ ಕಚೇರಿಯಲ್ಲಿದೆ.

ತಾಣಗಳಲ್ಲಿ ಯಾರೋ ಮಾಡಿಟ್ಟ ರೆಡಿಮೇಡ್ ವಂಶವೃಕ್ಷ ಕಂಡರೆ ಕುಣಿದಾಡಬೇಡಿ. ನಾಡಕಚೇರಿಯ ವಂಶವೃಕ್ಷಕ್ಕಾದರೆ ಮಹಜರು, ಸಾಕ್ಷಿ ಅಂತ ಏನೋ ಒಂದು ಇರುತ್ತೆ. ಈ ತಾಣಗಳಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಸೇರಿಸಬಹುದು. ಒಬ್ಬರ ತಪ್ಪನ್ನು ನಲವತ್ತು ಜನ ನಕಲು ಮಾಡಿದರೆ ಅದು ನಲವತ್ತು ಪುರಾವೆ ಆಗಲ್ಲ. ಪ್ರತಿ ಹೆಸರಿನ ಕೆಳಗೆ ಮೂಲ ದಾಖಲೆ ಲಗತ್ತಾಗಿದೆಯಾ ನೋಡಿ. ಇಲ್ಲದಿದ್ದರೆ ಸುಳಿವು ಅಂತ ಪಕ್ಕಕ್ಕೆ ಬರೆದಿಟ್ಟುಕೊಳ್ಳಿ, ಸತ್ಯ ಅಂತ ಅಲ್ಲ. ತಾಯಿಗಿಂತ ಮಗಳೇ ಎರಡು ವರ್ಷ ದೊಡ್ಡವಳಾಗಿರುವ ವಂಶವೃಕ್ಷಗಳೂ ಅಲ್ಲಿ ಹಾಯಾಗಿ ಓಡಾಡುತ್ತಿವೆ.

ಅಲ್ಲಿನ ಕೌಂಟಿ ಲೈಬ್ರರಿ, ಇತಿಹಾಸ ಸಂಘಗಳಿಗೆ ಇಮೇಲ್ ಮಾಡಲು ಸಂಕೋಚ ಬೇಡ. ಎಷ್ಟೋ ಕಡೆ ನಿವೃತ್ತರಾದ ಹಿರಿಯರು ಪ್ರೀತಿಯಿಂದ ಈ ಕೆಲಸ ಮಾಡುತ್ತಾರೆ. ಒಂದು ಇಮೇಲ್‌ಗೆ ಒಂದೇ ಪ್ರಶ್ನೆ. ಪೂರ್ತಿ ಹೆಸರು, ಅಂದಾಜು ವರ್ಷ, ಬೇಕಾದ ದಾಖಲೆ ಯಾವುದು, ಇಷ್ಟು ಬರೆದು, ನೀವು ಈಗಾಗಲೇ ಎಲ್ಲೆಲ್ಲಿ ನೋಡಿದ್ದೀರಿ ಅಂತಲೂ ಹೇಳಿ. ಮನೆತನದ ಪುರಾಣವೆಲ್ಲ ಬೇಡ. ನಕಲಿಗೆ ಎಷ್ಟು ಫೀಸು ಅಂತ ಮೊದಲೇ ಕೇಳಿ.

ಅವರಿಗೆ ನಾವು ಕೊಡಬಹುದಾದ್ದೂ ಇದೆ. ಇಲ್ಲಿ ತೀರಿಕೊಂಡ ಅಮೆರಿಕದವರ ಸಮಾಧಿ ಕಲ್ಲು, ಚರ್ಚಿನ ಗೋಡೆಯ ಫಲಕ, ಹಳೇ ದೀಕ್ಷಾಸ್ನಾನದ ರಿಜಿಸ್ಟರ್ ಅಮೆರಿಕದ ಯಾವ ಆರ್ಕೈವ್‌ನಲ್ಲೂ ಇಲ್ಲದಿರಬಹುದು. ಪಾಸ್ಟರ್ ಅವರನ್ನು ಭಾನುವಾರ ಆರಾಧನೆ ಮುಗಿದ ಮೇಲೆ ಸಮಾಧಾನವಾಗಿ ಕಂಡು ಒಪ್ಪಿಗೆ ಕೇಳಿ, ರಿಜಿಸ್ಟರನ್ನು ಅವರ ಎದುರಿಗೇ ನೋಡಿ, ಈಗ ಬದುಕಿರುವ ಕುಟುಂಬಗಳ ಪುಟಗಳ ಫೋಟೊ ತೆಗೆಯಬೇಡಿ. ಬೆಂಗಳೂರಿಗೆ ಹೋಗಲು ಆಗುವುದಾದರೆ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನ ಆರ್ಕೈವ್ಸ್‌ನಲ್ಲೂ ಮಿಷನ್ ಕಾಲದ ಕಾಗದಗಳಿವೆ, ಮೊದಲೇ ಪತ್ರ ಬರೆದು ಹೋಗಿ. ಸಮಾಧಿ ಕಲ್ಲಿನ ಅಕ್ಷರ ಓದೋಕೆ ಸುಣ್ಣ, ಚಾಕ್ ಏನನ್ನೂ ಬಳಿಯಬೇಡಿ, ಕಲ್ಲು ಹಾಳಾಗುತ್ತೆ. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಫೋಟೊ ತೆಗೆದರೆ ಅಕ್ಷರ ತಾನಾಗಿ ಎದ್ದು ಕಾಣುತ್ತೆ. ಅದನ್ನು ಸಮಾಧಿಗಳ ವಿವರ ಸಂಗ್ರಹಿಸುವ ಫೈಂಡ್ ಎ ಗ್ರೇವ್ ತಾಣಕ್ಕೆ ಹಾಕಿ, ಊರಿನ ಹೆಸರು ಸರಿಯಾಗಿ ಬರೆಯಿರಿ. ಯಾರಿಗಾದರೂ ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೊ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲದಿದ್ದರೆ ಕಲ್ಲಿನ ಮೇಲಿನ ಇಸವಿ ಮಸುಕಾಗಿ 3 ಯಾವುದು 8 ಯಾವುದು ಅಂತ ಗೊತ್ತಾಗಲ್ಲ.